ಆರ್ಮಿ ಟ್ರೈನಿಂಗ್‌ನಲ್ಲಿ ಮೈ ಕೆಡಿಸಿಕೊಳ್ಳದೆ ಇರುವುದು ಹೇಗೆ? ತುಮಕೂರು ಕಡೆಯ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ರ‍್ಯಾಲಿ (ಸೇನಾ ಭರ್ತಿಯ ಪರೀಕ್ಷೆ) ಪಾಸಾಗುವವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ, 1.6 ಕಿಲೋಮೀಟರ್ ಐದೂವರೆ ನಿಮಿಷದಲ್ಲಿ ಹೇಗೆ ಮುಗಿಸೋದು. ಜಾಯಿನಿಂಗ್ ಲೆಟರ್ ಕೈಗೆ ಬಂದ ಮೇಲೆ ಗಾಬರಿ ಬೇರೆ ತರಹ ಶುರುವಾಗುತ್ತದೆ. ಅಲ್ಲಿ ಎಷ್ಟು ಓಡಿಸುತ್ತಾರೆ, ಕಾಲು ನೋವು ಬಂದರೆ ವಾಪಸ್ ಕಳಿಸುತ್ತಾರಾ, ಮುದ್ದೆ ಇಲ್ಲದೆ ಹೊಟ್ಟೆ ತುಂಬುತ್ತಾ? ನಾನು ಸರ್ವಿಸ್ ಮುಗಿಸಿ ಬಂದವನು, ಬೆಳಿಗ್ಗೆ ಸ್ಟೇಡಿಯಂ ಕಡೆ ಹೋದರೆ ಇವನ್ನೇ ಕೇಳುತ್ತಾರೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಹುಡುಗರು ಹಿಂದೆ ಬೀಳುವುದು ದಮ್ಮು ಸಾಲದೆ ಅಲ್ಲ, ಹೆಚ್ಚಿನವರು ಮೊಣಕಾಲಿನಿಂದ ಕೆಳಗೆ ಕೆಡಿಸಿಕೊಂಡು ಹಿಂದೆ ಬೀಳುತ್ತಾರೆ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆಯೇ ಇದೆ.

ರ‍್ಯಾಲಿಯಲ್ಲಿ ಫುಲ್ ಮಾರ್ಕ್ಸ್ ಬಂದಿದೆ. ಟ್ರೈನಿಂಗ್‌ಗೆ ಅಷ್ಟು ಫಿಟ್‌ನೆಸ್ ಸಾಲದಾ ಸರ್?

ಸಾಲದು. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 10 ಪುಲ್‌ಅಪ್‌ಗೆ 40 ಅಂಕ. 9 ಅಡಿ ಹಳ್ಳ ಜಿಗಿಯುವುದು, ಜಿಗ್‌ಜಾಗ್ ಬ್ಯಾಲೆನ್ಸ್ ಇವೆರಡನ್ನೂ ಬರೀ ಪಾಸ್ ಮಾಡಿದರೆ ಆಯಿತು. ಎಲ್ಲ ಸೇರಿಸಿದರೂ ಮೈ ಬಗ್ಗಿಸುವುದು ಹತ್ತು ನಿಮಿಷ. ಟ್ರೈನಿಂಗ್‌ನಲ್ಲಿ ಬೆಳಿಗ್ಗೆ ಪಿಟಿ, ಅದು ಮುಗಿದರೆ ಡ್ರಿಲ್, ಆಮೇಲೆ ವೆಪನ್ ಕ್ಲಾಸು, ಸಂಜೆ ಗೇಮ್ಸು, ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವುದೂ ಓಡಿಕೊಂಡೇ. ಹಗಲೆಲ್ಲ ಕಾಲ ಮೇಲೆ ಇರುತ್ತೀರಿ, ಮತ್ತೆ ಮಾರನೇ ದಿನವೂ ಅದೇ.

ಅಲ್ಲಿನ ಪರೀಕ್ಷೆಗಳೂ ಬೇರೆ. ಪಿಪಿಟಿ (ಫಿಸಿಕಲ್ ಪ್ರೊಫಿಶಿಯನ್ಸಿ ಟೆಸ್ಟ್) ಅಂತ ಒಂದು: 2.4 ಕಿ.ಮೀ. ಓಟ, 100 ಮೀಟರ್, ಚಿನ್‌ಅಪ್, ಸಿಟ್‌ಅಪ್, ಟೋ ಟಚ್, 5 ಮೀಟರ್ ಶಟಲ್. ಬಿಪಿಇಟಿ (ಬ್ಯಾಟಲ್ ಫಿಸಿಕಲ್ ಎಫಿಶಿಯನ್ಸಿ ಟೆಸ್ಟ್) ಅಂತ ಇನ್ನೊಂದು: ಬೆನ್ನಿಗೆ ಪಿಟ್ಟು (ಸೈನಿಕರ ಬ್ಯಾಗು), ಕೈಯಲ್ಲಿ ರೈಫಲ್, ಕಾಲಿಗೆ ಬೂಟು ಹಾಕಿಕೊಂಡು 5 ಕಿ.ಮೀ. ಓಟ, ಜೊತೆಗೆ 60 ಮೀಟರ್ ಸ್ಪ್ರಿಂಟ್, ನೇರ ಹಗ್ಗ, ಅಡ್ಡ ಹಗ್ಗ, ಅದೇ 9 ಅಡಿ ಹಳ್ಳ. ಚಡ್ಡಿ ಬನಿಯನ್‌ನಲ್ಲಿ ಸ್ಟೇಡಿಯಂ ಟ್ರ್ಯಾಕ್ ಮೇಲೆ ನಾಲ್ಕು ಸುತ್ತು ಹಾರಿದವನು ಈ ಬಿಪಿಇಟಿಯಲ್ಲಿ ಮೂರನೇ ಕಿಲೋಮೀಟರಿಗೇ ನಡೆಯುವುದನ್ನು ನೋಡಿದ್ದೇನೆ. ಮೈಲಿಯಲ್ಲಿ ಕೊನೆಗೆ ಬಂದ, ಹೊಲದ ಕೆಲಸ ಮಾಡಿದ ಹುಡುಗ ಅವನನ್ನು ದಾಟಿ ಹೋಗುವುದನ್ನೂ ನೋಡಿದ್ದೇನೆ.

ಜಾಯಿನ್ ಆಗೋಕೆ ಇನ್ನೂ ಎರಡು ತಿಂಗಳು ಇದೆ. ಏನು ಮಾಡಲಿ?

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಸೆಲೆಕ್ಷನ್ ಆಯಿತು ಅಂದ ತಕ್ಷಣ ಊರ ಬಾಗಿಲಲ್ಲಿ ಫ್ಲೆಕ್ಸು, ಹಾರ, ನೆಂಟರ ಮನೆಯಲ್ಲೆಲ್ಲ ಬಾಡೂಟ, ಫ್ರೆಂಡ್ಸ್ ಜೊತೆ ರಾತ್ರಿ ಹನ್ನೆರಡರವರೆಗೆ ಸುತ್ತಾಟ. ಓಟ ನಿಂತೇ ಹೋಗುತ್ತದೆ. ಎರಡು ತಿಂಗಳು ಹೀಗೆ ಕಳೆದು ಟ್ರೈನಿಂಗ್ ಸೆಂಟರಿನ ಗೇಟಿನೊಳಗೆ ಕಾಲಿಟ್ಟ ಮೊದಲ ವಾರವೇ ಪೂರ್ತಿ ಲೋಡ್ ಮೈಮೇಲೆ ಬೀಳುತ್ತದೆ. ಮೂಳೆಗೆ ಏಟು ಬೀಳುವುದು ಇಲ್ಲೇ. ಫ್ಲೆಕ್ಸ್ ಬೇಡ ಅನ್ನುತ್ತಿಲ್ಲ, ಪಾಪ ಅಪ್ಪ ಅಮ್ಮನಿಗೂ ಖುಷಿ ಇರುತ್ತದೆ. ಆದರೆ ಬೆಳಿಗ್ಗೆ ಎದ್ದು ಗ್ರೌಂಡಿಗೆ ಹೋಗುವುದು ನಿಲ್ಲಬಾರದು.

ಇನ್ನು ಮಾಡಬೇಕಾದ್ದು. ವೇಗ ಈಗಾಗಲೇ ಇದೆ, ಅದನ್ನು ಉಳಿಸಿಕೊಳ್ಳಲು ವಾರಕ್ಕೊಂದು ದಿನ 400 ಮೀಟರ್ ರಿಪೀಟ್ (ಜೋರಾಗಿ ಓಡಿ, ಸ್ವಲ್ಪ ದಣಿವಾರಿಸಿಕೊಂಡು, ಮತ್ತೆ ಓಡುವುದು) ಸಾಕು. ಎರಡು ದಿನ ನಿಧಾನ ಓಟ, ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ, 4 ಕಿ.ಮೀ.ನಿಂದ ಶುರು ಮಾಡಿ ವಾರವಾರ ಸ್ವಲ್ಪ ಏರಿಸಿ 7-8 ಕಿ.ಮೀ.ಗೆ ತನ್ನಿ. ಒಂದು ದಿನ ಬೆನ್ನಿಗೆ ಬ್ಯಾಗು ಹಾಕಿಕೊಂಡು ನಡಿಗೆ. ಓಟ ಅಲ್ಲ, ನಡಿಗೆ. ಮೊದಲು 5 ಕೆ.ಜಿ., ಕೊನೆಯ ವಾರಗಳಲ್ಲಿ 10 ಕೆ.ಜಿ. ಬ್ಯಾಗಿಗೆ ಕಲ್ಲು ತುಂಬಬೇಡಿ, ಬೆನ್ನಿಗೆ ಚುಚ್ಚುತ್ತದೆ. ರಾಗಿ ಅಥವಾ ಮರಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಹಳೇ ಬಟ್ಟೆ ತುರುಕಿ, ಭುಜದ ಹತ್ತಿರಕ್ಕೆ ಬರುವ ಹಾಗೆ ಪಟ್ಟಿ ಎಳೆದು ಕಟ್ಟಿ. ಕೆಳಗೆ ಜೋತಾಡಿದರೆ ಸೊಂಟ ಹಿಡಿಯುತ್ತದೆ. ಪುಲ್‌ಅಪ್, ಪುಶ್‌ಅಪ್, ಪ್ಲ್ಯಾಂಕ್ ದಿನ ಬಿಟ್ಟು ದಿನ. ವಾರಕ್ಕೊಂದು ದಿನ ಪೂರ್ತಿ ರಜ.

ಇದರ ಜೊತೆ ಎರಡು ಸಣ್ಣ ಕೆಲಸ ಇದೆ, ಯಾರೂ ಮಾಡುವುದಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಮೀನಖಂಡ ಉರಿಯುವವರೆಗೆ. ಮತ್ತೆ ಗೋಡೆಗೆ ಒರಗಿ ನಿಂತು ಹಿಮ್ಮಡಿ ನೆಲದಲ್ಲೇ ಇಟ್ಟು ಕಾಲ್ಬೆರಳುಗಳನ್ನು ಮೇಲಕ್ಕೆ ಎತ್ತುವುದು. ನೋಡಲು ತಮಾಷೆ ಅನಿಸುತ್ತದೆ. ಡ್ರಿಲ್ ಗ್ರೌಂಡಿನಲ್ಲಿ ಏಟು ತಡೆದುಕೊಳ್ಳುವುದು ಈ ಎರಡು ಕಡೆಯ ಸ್ನಾಯುಗಳೇ.

ಮಧುಗಿರಿ ಬೆಟ್ಟ, ದೇವರಾಯನದುರ್ಗ ಹತ್ತಿ ಪ್ರಾಕ್ಟೀಸ್ ಮಾಡಿದರೆ ಒಳ್ಳೇದಲ್ವಾ?

ಹತ್ತುವುದು ಒಳ್ಳೇದು, ಇಳಿಯುವಾಗ ಓಡುವುದು ಕೆಟ್ಟದ್ದು. ಏರು ಹತ್ತುವಾಗ ಎದೆಗೆ ಕೆಲಸ ಜಾಸ್ತಿ, ಮಂಡಿಗೆ ಏಟು ಕಡಿಮೆ. ಇಳಿಯುವಾಗ ಉಲ್ಟಾ. ದೇವರಾಯನದುರ್ಗದ ಡಾಂಬರು ರಸ್ತೆಯ ಏರು ಓಟಕ್ಕೆ ಚೆನ್ನಾಗಿದೆ, ಹತ್ತುವಾಗ ಓಡಿ, ಇಳಿಯುವಾಗ ನಡೆದು ಬನ್ನಿ. ಮಂದರಗಿರಿಯ ಮೆಟ್ಟಿಲೂ ಪರವಾಗಿಲ್ಲ. ಮಧುಗಿರಿ ಏಕಶಿಲಾ ಬೆಟ್ಟ ಮಾತ್ರ ಸ್ಟಂಟ್ ಮಾಡುವ ಜಾಗ ಅಲ್ಲ. ಮೇಲಿನ ಬೋಳು ಬಂಡೆಯಲ್ಲಿ ಕಾಲು ಜಾರಿದರೆ ಟ್ರೈನಿಂಗ್ ಇರಲಿ, ಮನೆಗೂ ಬರುವುದಿಲ್ಲ. ಮಳೆ ಬಂದ ಮಾರನೇ ದಿನ ಅಂತೂ ಆ ಕಡೆ ಹೋಗಲೇಬೇಡಿ. ಜಾಯಿನಿಂಗ್‌ಗೆ ಹತ್ತು ದಿನ ಇದ್ದಾಗ ಪಾದ ಉಳುಕಿಸಿಕೊಂಡು ಬಂದವರು ಸುಮಾರು ಜನ ಇದ್ದಾರೆ.

ಯಾವ ಸೆಂಟರ್ ಸಿಗುತ್ತೆ ಅನ್ನೋದರ ಮೇಲೆ ತಯಾರಿ ಬದಲಾಗುತ್ತಾ?

ಹವಾಮಾನದ ಮಟ್ಟಿಗೆ ಹೌದು. ಬೆಂಗಳೂರಿನಲ್ಲೇ ಎಂಇಜಿ (ಮದ್ರಾಸ್ ಎಂಜಿನಿಯರ್ಸ್), ಎಎಸ್‌ಸಿ (ಸರಬರಾಜು ವಿಭಾಗ), ಮಿಲಿಟರಿ ಪೊಲೀಸ್, ಪ್ಯಾರಾ (ಪ್ಯಾರಾಚೂಟ್ ರೆಜಿಮೆಂಟ್) ಹೀಗೆ ಕೆಲವು ಸೆಂಟರ್‌ಗಳಿವೆ, ಅಲ್ಲಿ ಸಿಕ್ಕರೆ ನಮ್ಮೂರಿನದೇ ಗಾಳಿ. ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ಮಳೆಗಾಲ ಜೋರು, ಬಟ್ಟೆ ಬೂಟು ಒಣಗುವುದೇ ಇಲ್ಲ. ಮದ್ರಾಸ್ ರೆಜಿಮೆಂಟಿನ ವೆಲ್ಲಿಂಗ್ಟನ್ ನೀಲಗಿರಿಯಲ್ಲಿದೆ, ಬೆಳಿಗ್ಗೆ ಚಳಿಗೆ ಮೈ ಬಿಗಿದಿರುತ್ತದೆ, ವಾರ್ಮ್‌ಅಪ್ ಬಿಟ್ಟರೆ ಮಾಂಸಖಂಡ ಹಿಡಿದುಕೊಳ್ಳುವುದು ಗ್ಯಾರಂಟಿ. ನಾಸಿಕ್, ಹೈದರಾಬಾದ್, ಜಬಲ್ಪುರ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಬಿಸಿಲಿನದೇ ಪಾಠ. ನೇವಿಗೆ ಹೋಗುವವರಿಗೆ ಒಡಿಶಾದ ಐಎನ್‌ಎಸ್ ಚಿಲ್ಕಾ, ಅಲ್ಲಿ ಸೆಕೆ, ಬೆವರು ಆರುವುದೇ ಇಲ್ಲ. ಪಾವಗಡ, ಶಿರಾ ಕಡೆಯವರಿಗೆ ಒಣ ಬಿಸಿಲು ಹೊಸದಲ್ಲ, ಆದರೆ ಆ ಸೆಕೆ ಹೊಸದು. ಮೈ ಹೊಸ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ಹೀರೋ ಆಗಲು ಹೋಗಬೇಡಿ.

ಡ್ರಿಲ್‌ನಲ್ಲಿ ಕಾಲು ಜೋರಾಗಿ ಬಡೀಬೇಕಂತೆ. ಅದರಿಂದ ಕಾಲು ಹೋಗುತ್ತಾ?

ಎಲ್ಲರಿಗೂ ಹೋಗುವುದಿಲ್ಲ. ಆದರೆ ಗಟ್ಟಿ ನೆಲ, ಗಟ್ಟಿ ಬೂಟು, ದಿನಾ ನೂರಾರು ಸಲ ಹಿಮ್ಮಡಿ ಬಡಿಯುವುದು, ಅದರ ಮೇಲೆ ಬೆಳಗಿನ ಓಟ, ಇವೆಲ್ಲ ಒಟ್ಟಿಗೆ ಬೀಳುವುದರಿಂದ ಮೊದಲ ಎರಡು ತಿಂಗಳು ಸೂಕ್ಷ್ಮ. ಮೂಳೆಗೆ ಏಟು ಬಿದ್ದಾಗ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ, ಅದಕ್ಕೆ ವಾರಗಳೇ ಬೇಕು. ದಮ್ಮು ಮಾತ್ರ ಎರಡು ಮೂರು ವಾರದಲ್ಲೇ ಏರಿಬಿಡುತ್ತದೆ. ತೊಂದರೆ ಇರುವುದು ಇಲ್ಲೇ. ಹುಡುಗನಿಗೆ ಉಸಿರು ಸಾಕಷ್ಟಿದೆ, ಇನ್ನೂ ಓಡೋಣ ಅನಿಸುತ್ತದೆ, ಒಳಗೆ ಮೂಳೆಯ ರಿಪೇರಿ ಅರ್ಧಕ್ಕೇ ನಿಂತಿರುತ್ತದೆ.

ಕಾಲು ಬಡಿಯುವ ತಂತ್ರ ಉಸ್ತಾದ್ (ಟ್ರೈನಿಂಗ್ ಕೊಡುವವರು) ಹೇಳಿಕೊಟ್ಟ ಹಾಗೆ ಕಲಿಯಿರಿ. ಮಂಡಿ ಎತ್ತಿ ಪಾದ ಸಮವಾಗಿ ಇಳಿಸಬೇಕು. ಹೊಸಬರು ಸೌಂಡ್ ಬರಲಿ ಅಂತ ಮಂಡಿ ಬಿಗಿ ಹಿಡಿದು ಬರೀ ಹಿಮ್ಮಡಿ ಮೇಲೆ ಬೀಳುತ್ತಾರೆ, ಅದರ ಏಟು ಸೊಂಟದವರೆಗೂ ಹೋಗುತ್ತದೆ.

ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋಯುತ್ತೆ. ಇದು ಮಾಮೂಲಿನಾ, ಡೇಂಜರ್ರಾ?

ಎರಡು ತರಹ ಇದೆ, ಮನೆಯಲ್ಲೇ ಸುಮಾರಾಗಿ ಗೊತ್ತು ಮಾಡಿಕೊಳ್ಳಬಹುದು. ಮೂಳೆಯ ಒಳಪಕ್ಕದ ಅಂಚಿನ ಉದ್ದಕ್ಕೂ ಒಂದು ಗೇಣು ಜಾಗ ನೋಯುತ್ತಿದ್ದರೆ, ಓಟದ ಶುರುವಿನಲ್ಲಿ ನೋವಿದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾದರೆ, ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್. ಲೋಡ್ ಕಡಿಮೆ ಮಾಡಿ, ಐಸ್ ಇಡಿ, ಬೂಟು ನೋಡಿ, ಹೋಗುತ್ತದೆ.

ಬೆರಳ ತುದಿಯಿಂದ ಒತ್ತುತ್ತಾ ಬಂದಾಗ ಒಂದು ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಕುಯ್ಯೋ ಅನ್ನುವ ಹಾಗೆ ನೋಯಿತಾ? ಆ ಒಂದೇ ಕಾಲಲ್ಲಿ ಕುಪ್ಪಳಿಸಿದರೆ ಅದೇ ಜಾಗದಲ್ಲಿ ಚುಚ್ಚಿತಾ? ಓಡುತ್ತಾ ಹೋದ ಹಾಗೆ ನೋವು ಏರುತ್ತಾ, ರಾತ್ರಿ ಮಲಗಿದಾಗಲೂ ಇರುತ್ತಾ? ಹಾಗಿದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಏಟು ಬಿದ್ದು ಮೂಳೆಯಲ್ಲಿ ಬರುವ ಸಣ್ಣ ಬಿರುಕು) ಅಂತಲೇ ಅಂದುಕೊಂಡು ನಡೆಯಿರಿ. ಪಾದದ ಮೇಲ್ಭಾಗದಲ್ಲಿ, ಬೆರಳುಗಳ ಹಿಂದಿನ ಮೂಳೆಗಳಲ್ಲೂ ಇದು ಬರುತ್ತದೆ. ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು, ಹಾಗಾಗಿ ಎಕ್ಸ್‌ರೇ ನಾರ್ಮಲ್ ಬಂತು ಅಂತ ಮತ್ತೆ ಓಡಬೇಡಿ, ನೋವು ಇದ್ದರೆ ಇನ್ನೊಮ್ಮೆ ತೋರಿಸಿ. ಎಂಆರ್‌ಐಯಲ್ಲಿ ಬೇಗ ಗೊತ್ತಾಗುತ್ತದೆ. ಸೊಂಟ, ತೊಡೆಸಂದಿಯ ಆಳದಲ್ಲಿ ನೋವು ಬಂದು ಕುಂಟುತ್ತಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ತೊಡೆಮೂಳೆಯ ಕುತ್ತಿಗೆ ಭಾಗದಲ್ಲಿ ಬಿರುಕು ಬಿಟ್ಟಿದ್ದರೆ ಅದು ಪೂರ್ತಿ ಮುರಿದು ಆಪರೇಷನ್‌ವರೆಗೆ ಹೋಗಬಹುದು.

ಸಿಕ್ ರಿಪೋರ್ಟ್ ಮಾಡಿದರೆ ಕಾಮ್‌ಚೋರ್ (ಕೆಲಸಗಳ್ಳ) ಅಂತಾರೆ, ರೆಲಿಗೇಟ್ ಮಾಡ್ತಾರೆ ಅಂತ ಭಯ. ಸಹಿಸಿಕೊಂಡು ಮುಗಿಸಬಹುದಲ್ವಾ?

ಎಲ್ಲರೂ ಕೇಳುವ ಪ್ರಶ್ನೆ, ಭಯ ಸುಳ್ಳಲ್ಲ. ತುಂಬಾ ದಿನ ಟ್ರೈನಿಂಗ್ ತಪ್ಪಿಸಿಕೊಂಡರೆ ನಿಮ್ಮ ಹಿಂದೆ ಬರುವ ಬ್ಯಾಚಿಗೆ ಹಾಕುತ್ತಾರೆ, ಅದನ್ನೇ ರೆಲಿಗೇಟ್ ಅನ್ನುವುದು. ಜೊತೆಗೆ ಬಂದವರು ಕಸಮ್ ಪರೇಡ್ (ಪ್ರಮಾಣವಚನದ ಪರೇಡ್) ಮುಗಿಸಿ ಹೋಗುವುದನ್ನು ನೋಡುತ್ತಾ ನಿಲ್ಲುವುದು ಕಷ್ಟವೇ.

ಆದರೆ ಲೆಕ್ಕ ಹಾಕಿ ನೋಡಿ. ನೋವು ಶುರುವಾದ ವಾರವೇ ಎಂಐ ರೂಮಿಗೆ (ಸೆಂಟರಿನ ಡಾಕ್ಟರ್ ನೋಡುವ ಜಾಗ) ಹೋದರೆ ಡಾಕ್ಟರ್ ಕೆಲವು ದಿನ ಓಟ, ಡ್ರಿಲ್ ಬಿಡಿಸಿ ಚೀಟಿ ಕೊಡಬಹುದು. ಕ್ಲಾಸುಗಳಿಗೆ ಕೂರುತ್ತೀರಿ, ತೋಳಿನ ವ್ಯಾಯಾಮ ಮಾಡುತ್ತೀರಿ, ವಾಪಸ್ ಬರುತ್ತೀರಿ. ಒಂದು ತಿಂಗಳು ಹಲ್ಲು ಕಚ್ಚಿ ಓಡಿ ಮೂಳೆ ಬಿರುಕು ಬಿಟ್ಟ ಮೇಲೆ ಹೋದರೆ ಆರರಿಂದ ಎಂಟು ವಾರ ಅಥವಾ ಅದಕ್ಕೂ ಹೆಚ್ಚು. ರೆಲಿಗೇಟ್ ಆಗುವುದು ಈ ಎರಡನೆಯವನು. ನಾಟಕ ಮಾಡುವವನು ಯಾರು, ನಿಜವಾಗಿ ನೋಯುತ್ತಿರುವವನು ಯಾರು ಅಂತ ಉಸ್ತಾದ್‌ಗಳಿಗೆ ಗೊತ್ತಾಗುತ್ತದೆ, ಅವರು ವರ್ಷಗಟ್ಟಲೆ ಹೊಸ ರಿಕ್ರೂಟ್‌ಗಳನ್ನು ನೋಡಿರುತ್ತಾರೆ. ಪಿಟಿಗೆ ಮಾತ್ರ ಕಾಲು ನೋವು ಬಂದು ಸಂಜೆ ವಾಲಿಬಾಲ್‌ಗೆ ವಾಸಿಯಾಗುವವನಿಗೆ ಬೈಗುಳ ಬೀಳುತ್ತದೆ, ಬೀಳಲಿ.

ಇನ್ನೊಂದು ವಿಷಯ. ಪಕ್ಕದ ಬೆಡ್ಡಿನವನು ಕೊಟ್ಟ ನೋವಿನ ಮಾತ್ರೆ ನುಂಗಿ ಓಡಬೇಡಿ. ನೋವು ಗೊತ್ತಾಗುವುದಿಲ್ಲ, ಬಿರುಕು ದೊಡ್ಡದಾಗುತ್ತಾ ಹೋಗುತ್ತದೆ. ಬಿಸಿಲಲ್ಲಿ ನೀರು ಕಡಿಮೆಯಾದ ಮೈಗೆ ಈ ಮಾತ್ರೆಗಳು ಕಿಡ್ನಿಗೂ ಪೆಟ್ಟು ಕೊಡುತ್ತವೆ.

ರಗಡಾ ಅಂದರೆ ಏನು? ಅದಕ್ಕೆ ಹೇಗೆ ತಯಾರಾಗೋದು?

ತಪ್ಪು ಮಾಡಿದ್ದಕ್ಕೆ ಅಥವಾ ಸುಮ್ನೆ ಬಿಸಿ ಮುಟ್ಟಿಸಲು ಕೊಡುವ ಎಕ್ಸ್‌ಟ್ರಾ ಡೋಸ್: ಫ್ರಂಟ್ ರೋಲ್, ಪುಶ್‌ಅಪ್, ಫ್ರಾಗ್ ಜಂಪ್, ಕ್ರಾಲಿಂಗ್. ತಯಾರಿ ಏನೂ ಬೇಡ, ಮೊಣಕೈ ತರಚುತ್ತದೆ, ತಲೆ ತಿರುಗುತ್ತದೆ, ಅಭ್ಯಾಸ ಆಗುತ್ತದೆ. ಒಂದು ಮಾತ್ರ ನೆನಪಿಡಿ: ಅಭ್ಯಾಸ ಇಲ್ಲದ ವ್ಯಾಯಾಮ ಮಿತಿಮೀರಿ ಆದ ಮೇಲೆ ಮಾಂಸಖಂಡ ಊದಿಕೊಂಡು, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸುಸ್ತಲ್ಲ. ಮಾಂಸಖಂಡ ಒಡೆದು ರಕ್ತಕ್ಕೆ ಸೇರುತ್ತಿದೆ, ಕಿಡ್ನಿ ಕೆಡಬಹುದು. ಯಾರು ಏನೇ ಅಂದರೂ ತಕ್ಷಣ ಎಂಐ ರೂಮ್.

ಮುದ್ದೆ ಇಲ್ಲದೆ ಆಗಲ್ಲ ಅಣ್ಣಾ. ಲಂಗರ್‌ನಲ್ಲಿ (ಸೇನೆಯ ಊಟದ ಮನೆ) ಏನು ತಿನ್ನಬೇಕು?

ಮೊದಲ ವಾರ ಎಲ್ಲರದ್ದೂ ಇದೇ ಗೋಳು. ಚಪಾತಿ, ದಾಲ್, ಸಬ್ಜಿ, ಅನ್ನ, ಬೆಳಿಗ್ಗೆ ಪೂರಿ ಅಥವಾ ಬ್ರೆಡ್ಡು, ಮೊಟ್ಟೆ, ಹಾಲು, ಬಾಳೆಹಣ್ಣು, ಆಗಾಗ ಚಿಕನ್ನು, ತಿನ್ನದವರಿಗೆ ಪನೀರು. ಊಟ ಕಡಿಮೆ ಇರುವುದಿಲ್ಲ, ರುಚಿ ಹೊಸದು ಅಷ್ಟೇ. ಹುಡುಗರು ಮಾಡುವ ಎಡವಟ್ಟು ಬೇರೆ ಇದೆ. ರುಚಿ ಹಿಡಿಸಲಿಲ್ಲ ಅಂತ ಎರಡು ಚಪಾತಿಗೆ ಎದ್ದು ಬಂದು ಸಂಜೆ ಕ್ಯಾಂಟೀನ್‌ನಲ್ಲಿ ಬಿಸ್ಕತ್ತು, ಸಮೋಸ, ಕೋಲಾದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು. ಹದಿನೈದು ದಿನದಲ್ಲಿ ಕೆನ್ನೆ ಒಳಗೆ ಹೋಗಿರುತ್ತದೆ. ದಾಲ್ ಎರಡು ಸಲ ಹಾಕಿಸಿಕೊಳ್ಳಿ, ಹಾಲು ಬಿಡಬೇಡಿ, ಮೊಟ್ಟೆ ತಿನ್ನುವವರು ಬಿಡಬೇಡಿ.

ಮನೆಯಲ್ಲಿ ಇರುವಷ್ಟು ದಿನ ಮುದ್ದೆ ಚೆನ್ನಾಗಿ ತಿನ್ನಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರವೂ ಬರುವುದಿಲ್ಲ. ಹುರುಳಿಕಾಳು ಸಾರು, ಬಸ್ಸಾರು, ಮೊಳಕೆ ಕಾಳು, ಪಾವಗಡದ ಕಡ್ಲೆಕಾಯಿ ಇವನ್ನೆಲ್ಲ ಬಿಟ್ಟು ಡಬ್ಬದ ಪುಡಿಗೆ ಸಾಲ ಮಾಡುವವರನ್ನು ಕಂಡರೆ ನಗು ಬರುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಓಟ ಮುಗಿದ ಮೇಲೆ ಒಳ್ಳೇ ತಿಂಡಿಯೇ, ಜೊತೆಗಿನ ವಡೆ ಲೆಕ್ಕ ನೋಡಿಕೊಳ್ಳಿ.

ಪ್ರೋಟೀನ್ ಪೌಡರ್, ಇಂಜೆಕ್ಷನ್ ಇವೆಲ್ಲ?

ಪೌಡರ್ ಬೇಕಾಗಿಲ್ಲ, ಬ್ಯಾರಕ್ಕಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಓಟದ ಮುಂಚೆ ಕುಡಿಯುವ ಪ್ರೀ ವರ್ಕ್‌ಔಟ್ ಪುಡಿಗಳಲ್ಲಿ ಕೆಫೀನ್ ಜಾಸ್ತಿ, ಬಿಸಿಲಲ್ಲಿ ಎದೆ ಬಡಿತ ಏರಿಸುತ್ತದೆ. ದಮ್ಮು ಬರುತ್ತೆ ಅಂತ ಯಾರಾದರೂ ಇಂಜೆಕ್ಷನ್ ಚುಚ್ಚಲು ಬಂದರೆ ಎದ್ದು ಬನ್ನಿ, ಆ ಅಕಾಡೆಮಿಗೆ ಮತ್ತೆ ಹೋಗಬೇಡಿ.

ಬಿಸಿಲಲ್ಲಿ ತಲೆ ಸುತ್ತಿ ಬೀಳ್ತಾರಂತೆ. ನೀರು ಎಷ್ಟು ಕುಡೀಬೇಕು?

ಲೀಟರ್ ಲೆಕ್ಕ ಎಲ್ಲರಿಗೂ ಒಂದೇ ಆಗುವುದಿಲ್ಲ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿ ಇದ್ದರೆ ಸಾಲದು. ಪಿಟಿಗೆ ಮುಂಚೆ ಸ್ವಲ್ಪ, ನಡುನಡುವೆ ಗುಟುಕು ಗುಟುಕಾಗಿ. ಗಂಟೆಗಟ್ಟಲೆ ಬೆವರಿದ ಮೇಲೆ ಬರೀ ನೀರು ಚೊಂಬುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಉಪ್ಪು ಇಳಿದು ವಾಂತಿ, ತಲೆನೋವು, ಫಿಟ್ಸ್‌ವರೆಗೂ ಹೋಗಬಹುದು, ಅದಕ್ಕೆ ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಸಂಗಡಿಗ ಓಡುತ್ತಾ ಓಡುತ್ತಾ ತೊದಲಿದರೆ, ಸೊಟ್ಟ ಸೊಟ್ಟ ಹೆಜ್ಜೆ ಹಾಕಿದರೆ, ಕರೆದರೆ ಏನೇನೋ ಉತ್ತರ ಕೊಟ್ಟರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಬೆವರು ಬರುತ್ತಿದ್ದರೂ ಇರಬಹುದು. ಕೂಗಿ ಹೇಳಿ, ನೆರಳಿಗೆ ಎಳೆಯಿರಿ, ಬೂಟು ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಮೈ ತಣ್ಣಗೆ ಮಾಡುವ ಕೆಲಸ ಗಾಡಿ ಬರುವವರೆಗೆ ಕಾಯಬಾರದು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಜ್ವರ, ಭೇದಿ ಇದ್ದ ಮಾರನೇ ದಿನ ಓಡುವವರಿಗೆ ಇದು ಬೇಗ ಬರುತ್ತದೆ, ಹಾಗಿದ್ದರೆ ಮುಚ್ಚಿಡದೆ ಹೇಳಿಬಿಡಿ.

ನಿದ್ದೆ ಸಾಲಲ್ಲ. ಏನು ಮಾಡೋದು?

ಲೈಟ್ ಆಫ್ ಆದ ತಕ್ಷಣ ಮಲಗುವುದು. ಪಿಸುಪಿಸು ಮಾತು, ಕದ್ದು ಫೋನು ಬಿಟ್ಟರೆ ದಿನಕ್ಕೆ ಒಂದು ಗಂಟೆ ನಿದ್ದೆ ಉಳಿಯುತ್ತದೆ. ಬೂಟು ಪಾಲಿಶ್, ಯೂನಿಫಾರ್ಮ್ ಇಸ್ತ್ರಿ ರೋಲ್ ಕಾಲ್‌ಗೆ ಮುಂಚೆಯೇ ಮುಗಿಸಿ. ಭಾನುವಾರ ಮಧ್ಯಾಹ್ನ ಬಟ್ಟೆ ಒಗೆದು ಹಾಕಿ ಮಲಗಿಬಿಡಿ, ನಾಚಿಕೆ ಏನೂ ಬೇಡ.

ಸಂಜೆ ಎಕ್ಸ್‌ಟ್ರಾ ವರ್ಕ್‌ಔಟ್ ಮಾಡಲಾ? ಮನೆಯಲ್ಲಿ ಜಿಮ್ ಅಭ್ಯಾಸ ಇತ್ತು.

ಮೊದಲ ತಿಂಗಳು ಬೇಡ. ಸೆಂಟರಿನವರು ಕೊಡುವ ಲೋಡೇ ನಿಮ್ಮ ವರ್ಕ್‌ಔಟು, ಅದರ ಮೇಲೆ ನೀವು ಸೇರಿಸುವ ಒಂದೊಂದು ಕಿಲೋಮೀಟರೂ ರಿಪೇರಿಯ ಟೈಮನ್ನು ತಿನ್ನುತ್ತದೆ. ಎರಡನೇ ತಿಂಗಳಿನಿಂದ ಯಾವುದರಲ್ಲಿ ಹಿಂದೆ ಇದ್ದೀರೋ ಅದನ್ನು ಮಾತ್ರ ಹತ್ತು ನಿಮಿಷ. ಚಿನ್‌ಅಪ್ ಕಡಿಮೆ ಇದ್ದರೆ ಬಾರ್ ಹಿಡಿದು ನೇತಾಡುವುದು, ಮೇಲೆ ಹಾರಿ ನಿಧಾನವಾಗಿ ಇಳಿಯುವುದು. ಸಿಟ್‌ಅಪ್ ಕಡಿಮೆ ಇದ್ದರೆ ಅದು. ಬೈಸೆಪ್ಸ್ ಅಳತೆ ಕೇಳುವವರು ಅಲ್ಲಿ ಯಾರೂ ಇಲ್ಲ.

ಹಗ್ಗ ಹತ್ತೋಕೆ ಬರಲ್ಲ. ತೋಳಿಗೆ ಶಕ್ತಿ ಸಾಲದಾ?

ಶಕ್ತಿಗಿಂತ ಕಾಲಿನ ಲಾಕು ಗೊತ್ತಿಲ್ಲ. ಬರೀ ತೋಳಲ್ಲಿ ಎಳೆದುಕೊಂಡು ಹೋದರೆ ಅರ್ಧಕ್ಕೆ ಕೈ ಜುಂ ಅನ್ನುತ್ತದೆ. ಎರಡೂ ಕೈಯಲ್ಲಿ ಹಗ್ಗ ಮೇಲೆ ಹಿಡಿದು ಮಂಡಿಗಳನ್ನು ಎದೆಯ ಹತ್ತಿರ ಎಳೆದುಕೊಳ್ಳಿ. ಹಗ್ಗ ಬಲಗಾಲಿನ ಹೊರಪಕ್ಕದಿಂದ ಇಳಿದು ಬಲ ಅಂಗಾಲಿನ ಕೆಳಗೆ ಹೋಗಲಿ, ಎಡ ಪಾದದಿಂದ ಅದನ್ನು ಮೇಲೆತ್ತಿ ಬಲ ಪಾದದ ಬೆನ್ನಿಗೆ ಒತ್ತಿ ಹಿಡಿಯಿರಿ. ಬೂಟುಗಳ ನಡುವೆ ಹಗ್ಗ ಸಿಕ್ಕಿಕೊಂಡು ಮೆಟ್ಟಿಲಾಗುತ್ತದೆ. ಈಗ ಕಾಲಲ್ಲಿ ಎದ್ದು ನಿಲ್ಲಿ, ಕೈ ಮೇಲಕ್ಕೆ, ಮತ್ತೆ ಮಂಡಿ ಎಳೆಯಿರಿ. ಇಳಿಯುವಾಗ ಸರ್ರನೆ ಜಾರಿದರೆ ಅಂಗೈ ಚರ್ಮ ಹಗ್ಗದಲ್ಲೇ ಉಳಿಯುತ್ತದೆ, ಒಂದೊಂದು ಕೈಯಾಗಿ ಇಳಿಯಿರಿ. ತಿಪಟೂರು, ಗುಬ್ಬಿ ಕಡೆ ತೆಂಗಿನ ಮರ ಹತ್ತಿ ಬೆಳೆದ ಹುಡುಗರಿಗೆ ಇದು ಒಂದೇ ದಿನಕ್ಕೆ ಬಂದುಬಿಡುತ್ತದೆ, ನೋಡಿದರೆ ಹೊಟ್ಟೆಕಿಚ್ಚು.

ಗುಳ್ಳೆ, ಹುಳುಕಡ್ಡಿ ಇವಕ್ಕೆ ಏನು ಮಾಡೋದು? ಕೇಳೋಕೆ ನಾಚಿಕೆ ಆಗುತ್ತೆ.

ನಾಚಿಕೆ ಬಿಡಿ, ಬ್ಯಾರಕ್ಕಿನಲ್ಲಿ ಅರ್ಧ ಜನಕ್ಕೆ ಇರುತ್ತದೆ. ಬೂಟು ಕೊಡುವಾಗ ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬೇಕು. ಚಿಕ್ಕದಾದರೆ ಅಲ್ಲೇ ಬದಲಾಯಿಸಿ ಕೇಳಿ, ಆಮೇಲೆ ಕೇಳುವವರಿರುವುದಿಲ್ಲ. ಎಲ್ಲಾದರೂ ಉರಿ ಶುರುವಾದರೆ ಗುಳ್ಳೆ ಏಳುವ ಮುಂಚೆಯೇ ಟೇಪ್ ಅಂಟಿಸಿ. ಎದ್ದ ಗುಳ್ಳೆ ಚಿಕ್ಕದಿದ್ದರೆ ಮುಟ್ಟಬೇಡಿ. ದೊಡ್ಡದಿದ್ದರೆ ಎಂಐ ರೂಮಿನಲ್ಲಿ ಶುದ್ಧವಾದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯುತ್ತಾರೆ, ಮೇಲಿನ ಚರ್ಮ ಮಾತ್ರ ಕಿತ್ತು ಹಾಕಬಾರದು. ಉಗುರು ನೇರವಾಗಿ ಕತ್ತರಿಸಿ, ಮೂಲೆ ಕೊರೆದರೆ ಒಳಗೆ ಬೆಳೆದು ಕೀವು ಕಟ್ಟುತ್ತದೆ.

ತೊಡೆಸಂದಿಯ ಹುಳುಕಡ್ಡಿ ಬೆವರು, ಒದ್ದೆ ಚಡ್ಡಿಯಿಂದ ಬರುವುದು. ದಿನಾ ಎರಡು ಸಲ ಬಟ್ಟೆ ಬದಲಿಸಿ, ಸ್ನಾನದ ನಂತರ ಪೂರ್ತಿ ಒರೆಸಿ, ಟವೆಲ್ ಯಾರ ಜೊತೆಗೂ ಹಂಚಿಕೊಳ್ಳಬೇಡಿ. ಅಂಗಡಿಯಲ್ಲಿ ಕೇಳಿ ತರುವ ಮಿಕ್ಸ್ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಎರಡು ದಿನ ತುರಿಕೆ ನಿಲ್ಲುತ್ತದೆ, ಮೂರನೇ ವಾರ ಹೊಟ್ಟೆವರೆಗೂ ಹರಡುತ್ತದೆ.

ಹುಡುಗಿಯರಿಗೆ ಬೇರೆ ಏನಾದರೂ ಹೇಳ್ತೀರಾ?

ಮಿಲಿಟರಿ ಪೊಲೀಸ್‌ಗೆ ಸೇರಿದ ಮೊದಲ ಮಹಿಳಾ ಬ್ಯಾಚಿನ 83 ಜನ 2021ರ ಮೇ 8ರಂದು ಬೆಂಗಳೂರಿನಲ್ಲೇ ಪಾಸ್ ಔಟ್ ಆದರು. ರ‍್ಯಾಲಿಯಲ್ಲಿ 1.6 ಕಿ.ಮೀ.ಗೆ ಮೊದಲ ಗುಂಪಿನ (ಬೇಗ ಓಡಿ ಮುಗಿಸುವವರ) ಸಮಯ 7 ನಿಮಿಷ 30 ಸೆಕೆಂಡ್, ಲಾಂಗ್ ಜಂಪ್ 10 ಅಡಿ, ಹೈ ಜಂಪ್ 3 ಅಡಿ. ಹೋಗುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಹುಡುಗಿಯರಲ್ಲಿ ರಕ್ತ ಕಡಿಮೆ ಇರುವುದು ಸಾಮಾನ್ಯ, ಅದು ಇದ್ದರೆ ಎಷ್ಟು ಓಡಿದರೂ ದಮ್ಮು ಏರುವುದಿಲ್ಲ, ಸೋಮಾರಿತನ ಅಂದುಕೊಳ್ಳುತ್ತಾರೆ. ನುಗ್ಗೆಸೊಪ್ಪು, ಕಾಳು, ಜೊತೆಗೆ ನಿಂಬೆಹಣ್ಣು, ಊಟದ ಜೊತೆ ಟೀ ಬೇಡ, ಡಾಕ್ಟರ್ ಹೇಳಿದರೆ ಐರನ್ ಮಾತ್ರೆ.

ಟ್ರೈನಿಂಗ್ ಶುರುವಾದ ಮೇಲೆ ಮುಟ್ಟು ಮೂರು ತಿಂಗಳು ನಿಂತುಬಿಟ್ಟರೆ ಅಬ್ಬಾ ತಲೆನೋವು ತಪ್ಪಿತು ಅನ್ನಬೇಡಿ. ಖರ್ಚು ಮಾಡುವಷ್ಟು ಊಟ ಒಳಗೆ ಹೋಗುತ್ತಿಲ್ಲ ಅಂತ ಅರ್ಥ ಇರಬಹುದು, ಅಂಥವರಿಗೆ ಮೂಳೆ ಬಿರುಕು ಬಿಡುವುದೂ ಹೆಚ್ಚು. ಮಹಿಳಾ ಡಾಕ್ಟರ್ ಬೇಕು ಅಂತ ಕೇಳಿ ಹೇಳಿಕೊಳ್ಳಿ.

ಹಿಂದಿ ಬರಲ್ಲ. ಅದಕ್ಕೂ ಫಿಟ್‌ನೆಸ್‌ಗೂ ಏನು ಸಂಬಂಧ?

ತುಂಬಾ ಇದೆ! ಉಸ್ತಾದ್ ಹೇಳಿದ್ದು ಅರ್ಥವಾಗದೆ ಎಡಗಾಲಿಗೆ ಬಲಗಾಲು ಎತ್ತಿದವನಿಗೇ ರಗಡಾ ಜಾಸ್ತಿ. ಪಾವಗಡದ ಹುಡುಗರಿಗೆ ಕನ್ನಡ, ತೆಲುಗು ಎರಡೂ ಸಲೀಸು, ಹಿಂದಿ ಅಂದರೆ ಮುಖ ಮುಖ ನೋಡುತ್ತಾರೆ. ಒಂದರಿಂದ ನೂರರವರೆಗೆ ಎಣಿಕೆ, ದಾಯಾಂ ಬಾಯಾಂ (ಬಲ, ಎಡ), ಸಾವಧಾನ್ ವಿಶ್ರಾಮ್ (ನೆಟ್ಟಗೆ ನಿಲ್ಲು, ಆರಾಮಾಗಿ ನಿಲ್ಲು), ತೇಜ್ ಚಲ್ (ಬೇಗ ನಡೆ), ಥಮ್ (ನಿಲ್ಲು) ಇಷ್ಟು ಕಲಿತು ಹೋದರೂ ಕಾಲಿಗೆ ಎಷ್ಟೋ ಉಳಿತಾಯ. ದರ್ದ್ (ನೋವು), ಬುಖಾರ್ (ಜ್ವರ), ಚಕ್ಕರ್ (ತಲೆಸುತ್ತು) ಇವೂ ಗೊತ್ತಿರಲಿ, ಎಂಐ ರೂಮಿನಲ್ಲಿ ಬೇಕಾಗುತ್ತದೆ.

ಬೀಡಿ, ಗುಟ್ಕಾ ಅಭ್ಯಾಸ ಇದೆ.

ಇವತ್ತೇ ಬಿಡಿ. ಅಲ್ಲಿ ಹೋಗಿ ಬಿಡುತ್ತೇನೆ ಅಂದರೆ ಮೊದಲ ಎರಡು ವಾರ ನಿದ್ದೆ ಇಲ್ಲದ ಸಿಡಿಮಿಡಿಯಲ್ಲಿ ಹೋಗುತ್ತದೆ.

ಮಗ ಫೋನ್ ಮಾಡಿ ಅಳ್ತಾನೆ, ತೂಕ ಇಳಿದಿದೆಯಂತೆ. ವಾಪಸ್ ಕರೆಸಿಕೊಳ್ಳೋದಾ?

ಅಮ್ಮಂದಿರೇ, ಸ್ವಲ್ಪ ತಡೆಯಿರಿ. ಮೊದಲ ತಿಂಗಳು ಎರಡು ಮೂರು ಕೆ.ಜಿ. ಹೆಚ್ಚು ಕಡಿಮೆ ಆಗುವುದು ಮಾಮೂಲು, ದಪ್ಪ ಇದ್ದವರು ಇಳಿಯುತ್ತಾರೆ, ಕಡ್ಡಿ ಇದ್ದವರು ಆಮೇಲೆ ತುಂಬಿಕೊಳ್ಳುತ್ತಾರೆ. ಫೋನಿನಲ್ಲಿ ಊಟ ಆಯ್ತಾ ಅಂತ ಮಾತ್ರ ಕೇಳದೆ ಎರಡು ಪ್ರಶ್ನೆ ಕೇಳಿ: ಒಂದೇ ಜಾಗದಲ್ಲಿ ನೋವಿದೆಯಾ, ಡಾಕ್ಟರಿಗೆ ತೋರಿಸಿದೆಯಾ. ಮನೆ ಕಡೆ ಸಾಲ, ಜಗಳದ ಸುದ್ದಿ ಆ ಐದು ನಿಮಿಷದಲ್ಲಿ ಬೇಡ. ಆದರೆ ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನುವ ಮಾತು ಬಂದರೆ ಹುಡುಗಾಟ ಅಂತ ಬಿಡಬೇಡಿ. ಅವತ್ತೇ ಸೆಂಟರಿಗೆ ಫೋನ್ ಮಾಡಿ ಅವನ ಕಂಪನಿಯವರ ಜೊತೆ ಮಾತಾಡಿ.

ಟ್ರೈನಿಂಗ್ ಮುಗಿಸಿ ರಜೆಗೆ ಬಂದಾಗ ಏನು ಮಾಡಬೇಕು?

ಮೊದಲ ವಾರ ಆರಾಮಾಗಿರಿ, ಹಬ್ಬ ಜಾತ್ರೆ ನೋಡಿ, ಮೈಗೂ ವಿಶ್ರಾಂತಿ ಬೇಕು. ಎರಡನೇ ವಾರದಿಂದ ವಾರಕ್ಕೆ ಮೂರು ಓಟ ಸಾಕು, ಗಳಿಸಿದ್ದು ಉಳಿಯುತ್ತದೆ. ಯೂನಿಟ್‌ಗೆ ಹೋದ ಮೇಲೂ ದೈಹಿಕ ಪರೀಕ್ಷೆಗಳು ಬಿಡುವುದಿಲ್ಲ. 2022ರಲ್ಲಿ ಬಂದ ಅಗ್ನಿಪಥ್ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ 25 ಪರ್ಸೆಂಟ್‌ವರೆಗೆ ಮಾತ್ರ ಉಳಿಸಿಕೊಳ್ಳುವುದು ಅಂತ ಇರುವುದರಿಂದ ನಿಮ್ಮ ಪರ್ಫಾರ್ಮೆನ್ಸ್ ಲೆಕ್ಕಕ್ಕೆ ಬಂದೇ ಬರುತ್ತದೆ. ಬೈಕ್ ಮಾತ್ರ ಹುಷಾರು. ಶಿರಾ ಕಡೆಯ ಹೈವೇಯಲ್ಲಿ ಹೆಲ್ಮೆಟ್ ಇಲ್ಲದೆ ಹಾರಿಸುವ ರಜೆಯ ಸೈನಿಕರನ್ನು ನೋಡಿದರೆ ಸಿಟ್ಟು ಬರುತ್ತದೆ.

ಟ್ರಂಕ್‌ನಲ್ಲಿ ಏನೇನು ಹಾಕಿಕೊಳ್ಳಲಿ?

ಲೆಟರ್ ಜೊತೆ ಕೊಟ್ಟ ಪಟ್ಟಿ ಮೊದಲು. ಅದರ ಮೇಲೆ: ಆಗಲೇ ಹಾಕಿ ಪಳಗಿಸಿದ ಓಟದ ಶೂ, ಜಾಯಿನಿಂಗ್ ಹಿಂದಿನ ದಿನ ಕೊಂಡ ಹೊಸದು ಬೇಡ. ಹತ್ತಿ ಚಡ್ಡಿ, ಸಾಕ್ಸ್ ಬೇಕಾದ್ದಕ್ಕಿಂತ ಎರಡು ಜೊತೆ ಜಾಸ್ತಿ. ಬಟ್ಟೆ ಟೇಪು, ಡಸ್ಟಿಂಗ್ ಪೌಡರ್, ನೇಲ್ ಕಟರ್, ಓಆರ್‌ಎಸ್. ಹಳೆಯ ಪೆಟ್ಟು, ಆಪರೇಷನ್ ಇದ್ದರೆ ಅದರ ಕಾಗದ. ಅಮ್ಮ ಕೊಡುವ ಚಟ್ನಿಪುಡಿ ಡಬ್ಬ ಗೇಟಿನಲ್ಲಿ ಬಿಟ್ಟರೆ ನಿಮ್ಮ ಅದೃಷ್ಟ, ಬಿಟ್ಟರೂ ಎರಡು ದಿನದಲ್ಲಿ ಬ್ಯಾರಕ್ಕಿನವರೇ ಖಾಲಿ ಮಾಡುತ್ತಾರೆ.